ಫೋಂಡಾದಲ್ಲಿ ಮನೆಬಾಗಿಲಿಗೆ ಹೂವು: ಯಾರಿಗೆ ಹೇಳಿದರೆ ಸರಿ?

ಹುಬ್ಬಳ್ಳಿಯಲ್ಲಿರುವ ಒಬ್ಬರು ಗೋವೆಯ ಫೋಂಡಾದಲ್ಲಿರುವ ತಮ್ಮ ತಾಯಿಯ ಹುಟ್ಟುಹಬ್ಬಕ್ಕೆ ಹೂಗುಚ್ಛ ಕಳುಹಿಸಬೇಕೆಂದಿದ್ದಾರೆ. ಕುರ್ಟಿಯಲ್ಲಿ ಹೊಸದಾಗಿ ಮನೆ ಮಾಡಿರುವ ಧಾರವಾಡದ ದಂಪತಿಗೆ ದಿನವೂ ಬೆಳಿಗ್ಗೆ ಪೂಜೆಗೆ ಹೂವು ಬೇಕು. ಫರ್ಮಾಗುಡಿಯ ಕಾಲೇಜೊಂದರಲ್ಲಿ ಕೆಲಸ ಮಾಡುವ ಗೆಳತಿಗೆ, ನಿವೃತ್ತರಾಗುತ್ತಿರುವ ಸಹೋದ್ಯೋಗಿಗೆ ಕೊಡಲು ನಾಲ್ಕು ದಿನವಾದರೂ ಬಾಡದಂಥ ಹೂವು ಬೇಕು. ಮೂವರೂ ಈ ತಿಂಗಳಲ್ಲಿ ನನ್ನನ್ನು ಕೇಳಿದ ಪ್ರಶ್ನೆ ಒಂದೇ: ಊರಿನಲ್ಲಿ ಹೂವನ್ನು ಮನೆಗೆ ತಲುಪಿಸುವವರಲ್ಲಿ ಯಾರು ಒಳ್ಳೆಯವರು? ಒಬ್ಬರಿಗೆ ಹೇಳಿದ ಉತ್ತರ ಇನ್ನೊಬ್ಬರಿಗೆ ಒಗ್ಗುವುದಿಲ್ಲವೆಂಬುದು ಮೂರನೆಯ ಸಲ ಉತ್ತರಿಸುವಾಗ ಸ್ಪಷ್ಟವಾಯಿತು. ಆದ್ದರಿಂದ ಹದಿನೆಂಟು ವರ್ಷ ಇಲ್ಲಿ ಹೂವು ತರಿಸಿಕೊಂಡು, ಕಳುಹಿಸಿ, ಕೆಲವೊಮ್ಮೆ ಕೈಸುಟ್ಟುಕೊಂಡು ತಿಳಿದದ್ದನ್ನು ಒಂದೇ ಕಡೆ ಬರೆದಿಡುತ್ತಿದ್ದೇನೆ.

ಮೊದಲು ಊರಿನ ಸ್ವಭಾವವನ್ನು ಅರಿಯಬೇಕು. ಫೋಂಡಾ ಪಣಜಿಯಿಂದ ಸುಮಾರು 30 ಕಿಲೋಮೀಟರ್, ಮಡಗಾಂವಿನಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿರುವ ಸಣ್ಣ ಊರು. ಆದರೆ 16ನೇ ಶತಮಾನದಲ್ಲಿ ಪೋರ್ಚುಗೀಸರ ಕಾಟಕ್ಕೆ ಕರಾವಳಿಯ ತಾಲೂಕುಗಳಿಂದ ಹೊತ್ತು ತಂದ ದೇವರುಗಳು ಇದರ ಸುತ್ತಲಿನ ಹಳ್ಳಿಗಳಲ್ಲಿಯೇ ನೆಲೆಗೊಂಡವು. ಮಂಗೇಶಿ, ಮ್ಹಾರ್ದೋಳದ ಮ್ಹಾಳಸಾ, ಕವಳೆಯ ಶಾಂತಾದುರ್ಗೆ, ನಾಗೇಶಿ, ರಾಮನಾಥಿ, ಎಲ್ಲವೂ ಇಲ್ಲಿಂದ ಕೂಗಳತೆಯಲ್ಲಿವೆ. ಹೀಗಾಗಿ ಇಲ್ಲಿನ ಹೂವಿನ ವ್ಯಾಪಾರ ದೇವರನ್ನೂ ಹೆಂಗಸರ ಮುಡಿಯನ್ನೂ ನೆಚ್ಚಿಕೊಂಡು ಬೆಳೆದದ್ದು. ಬೆಳಗಿನ ಏಳು ಗಂಟೆಗೆ ಅದು ಬಲು ಚುರುಕು, ಮಧ್ಯಾಹ್ನ ಮೂರರ ಹೊತ್ತಿಗೆ ಅರೆನಿದ್ದೆಯಲ್ಲಿರುತ್ತದೆ. ಕಟ್ಟಿದ ಹೂವಿಗೆ ಇಲ್ಲಿ ಬರವಿಲ್ಲ. ಸೆಲ್ಲೋಫೇನ್ ಸುತ್ತಿದ ಬೊಕೆಯ ವಿಷಯದಲ್ಲಿ ಮಾತ್ರ ಆಯ್ಕೆ ಕಡಿಮೆ. ದೊಡ್ಡ ನಗರದಲ್ಲಿ ಬೆಳೆದವರು ಇದನ್ನು ಮನಸ್ಸಿಗೆ ತಂದುಕೊಳ್ಳದೆ ಹುಡುಕಾಟಕ್ಕೆ ತೊಡಗಿದರೆ ನಿರಾಶೆಯಾಗುವುದು ಸಹಜ.

ಯಾವುದನ್ನು ಇಟ್ಟುಕೊಂಡು ತೂಗಬೇಕು

ಬೆಲೆಗಿಂತ ಮೊದಲು ನೋಡಬೇಕಾದದ್ದು ಹೂವಿನ ಗಡಿಯಾರ. ಮಲ್ಲಿಗೆಯನ್ನು ಬೆಳಿಗ್ಗೆ ಮೊಗ್ಗಾಗಿದ್ದಾಗಲೇ ಬಿಡಿಸುತ್ತಾರೆ. ಅದು ಸಂಜೆಯಿಂದ ರಾತ್ರಿಯೊಳಗೆ ಅರಳಿ, ಮರುದಿನ ಕಂದುತ್ತದೆ. ಸುಗಂಧರಾಜದ ಬಿಡಿ ಹೂವು ಒಂದೆರಡು ದಿನ ತಾಳುತ್ತದೆ. ಅಬ್ಬಲಿಗೆಗೆ ಪರಿಮಳವಿಲ್ಲ, ಆದರೆ ತೂಕವೂ ಇಲ್ಲ, ಬೇಗ ಬಾಡುವುದೂ ಇಲ್ಲ. ಗೋವೆಯವರು ಇದನ್ನು ಅಬೋಲಿ ಎಂದು ಕರೆದು ಮುಡಿಗೆ ಇಷ್ಟಪಡುವುದಕ್ಕೆ ಈ ಸೆಕೆಯೂ ಒಂದು ಕಾರಣವೆಂದು ನನ್ನ ಎಣಿಕೆ. ನೀರಿನಲ್ಲಿಟ್ಟ ಗುಲಾಬಿ, ಜರ್ಬೆರಾಗಳು ಐದಾರು ದಿನ, ಕಾರ್ನೇಶನ್ ಮತ್ತು ಆರ್ಕಿಡ್ ಹತ್ತು ದಿನಕ್ಕೂ ಮೇಲ್ಪಟ್ಟು ಇರುತ್ತವೆ. ಹನ್ನೆರಡು ಗಂಟೆಯ ಆಯುಷ್ಯದ ಹೂವನ್ನು ಆರು ಗಂಟೆ ದಾರಿಯಲ್ಲಿ ಕಳೆಯುವವರ ಕೈಗೆ ಕೊಟ್ಟರೆ, ಅಂಗಡಿ ಎಷ್ಟೇ ದೊಡ್ಡದಾಗಿದ್ದರೂ ಪ್ರಯೋಜನವಿಲ್ಲ.

ಎರಡನೆಯದು, ಹೂವು ಕೊನೆಯದಾಗಿ ಯಾರ ಕೈಯಲ್ಲಿರುತ್ತದೆ ಎಂಬುದು. ನನ್ನ ಮಟ್ಟಿಗೆ ಉಳಿದೆಲ್ಲಕ್ಕಿಂತ ಇದೇ ಹೆಚ್ಚು. ಫೋಂಡಾದ ಹಳೆಯ ಬಡಾವಣೆಗಳಲ್ಲಿ ವಿಳಾಸವೆಂದರೆ ವಾಡೆಯ, ಅಂದರೆ ಕೇರಿಯ ಹೆಸರು, ಮನೆತನದ ಹೆಸರು, ಹತ್ತಿರದ ಅರಳಿಕಟ್ಟೆ ಅಥವಾ ಶಿಲುಬೆ. ಮನೆ ನಂಬರು ಇರುತ್ತದೆ, ಆದರೆ ಒಂದರ ಪಕ್ಕ ಎರಡು ಇರುತ್ತದೆಂಬ ಭರವಸೆಯಿಲ್ಲ. 403401 ಎಂಬ ಪಿನ್‌ಕೋಡು ಊರನ್ನು ತೋರಿಸುತ್ತದೆಯೇ ಹೊರತು ಮನೆಯನ್ನು ತೋರಿಸುವುದಿಲ್ಲ. ದಾರಿ ಬಲ್ಲವನು ಹತ್ತು ನಿಮಿಷದಲ್ಲಿ ತಲುಪುವ ಮನೆಗೆ, ದಾರಿ ಅರಿಯದವನು ಬಿಸಿಲಿನಲ್ಲಿ ಮುಕ್ಕಾಲು ಗಂಟೆ ಸುತ್ತುತ್ತಾನೆ. ಆ ಮುಕ್ಕಾಲು ಗಂಟೆಯೂ ಹೂವಿನ ಲೆಕ್ಕಕ್ಕೇ ಬೀಳುತ್ತದೆ.

ಆಮೇಲೆ ಹಣದ ಮಾತು: ಕೊಟ್ಟದ್ದರಲ್ಲಿ ಎಷ್ಟು ಹೂವಿಗೆ ಹೋಗುತ್ತದೆ, ಎಷ್ಟು ನಡುವಿನವರಿಗೆ, ಎಷ್ಟು ಸಾಗಣೆಗೆ ಎಂದು ನೋಡಬೇಕು. ಕೊನೆಗೆ, ತಪ್ಪಾದರೆ ಸರಿಪಡಿಸುವವರು ಯಾರು ಎಂದು ಕೇಳಿಕೊಳ್ಳಬೇಕು. ಹಣ ಹಿಂದಿರುಗುವುದು ಬೇರೆ, ಪೂಜೆ ಮುಗಿಯುವುದರೊಳಗೆ ಬೇರೆ ಹೂವು ಬರುವುದು ಬೇರೆ.

ಹೂವಿನ ಅಕ್ಕಂದಿರು

ಮಾರುಕಟ್ಟೆಯ ಬಾಯಲ್ಲೂ ದೇವಸ್ಥಾನಗಳ ಎದುರಿಗೂ ಬುಟ್ಟಿಯಿಟ್ಟು ಕೂರುವವರಲ್ಲಿ ಹಾವೇರಿ, ಗದಗ, ವಿಜಯಪುರದ ಕಡೆಯಿಂದ ಬಂದು ನೆಲೆಸಿದ ಕನ್ನಡದವರು ಬಹಳ. ಕೊಂಕಣಿಯಲ್ಲಿ ಫಾತಿ, ಮರಾಠಿಯಲ್ಲಿ ಗಜರಾ, ನಮಗೆ ಮೊಳ: ಮೂರು ಭಾಷೆಯ ಗಿರಾಕಿಗೂ ಒಂದೇ ಉಸಿರಿನಲ್ಲಿ ಉತ್ತರಿಸುತ್ತಾರೆ. ಇವರಲ್ಲಿ ಹಲವರು ಈಗ ಫೋನಿನಲ್ಲಿ ಹೇಳಿದರೆ ಮನೆಗೆ ಕಳುಹಿಸುತ್ತಾರೆಂಬುದು ಹೊಸದಾಗಿ ಬಂದವರಿಗೆ ಗೊತ್ತಿರುವುದಿಲ್ಲ. ಮಗನೋ ಅಳಿಯನೋ ಸ್ಕೂಟರಿನಲ್ಲಿ ತಂದುಕೊಡುತ್ತಾನೆ. ಅವನು ಆ ವಾಡೆಗೆ ದಿನವೂ ಬರುವವನೇ ಆದ್ದರಿಂದ ವಿಳಾಸದ ತೊಂದರೆಯೇ ಏಳುವುದಿಲ್ಲ.

ದಿನಪೂಜೆಗೆ ಹೂವು ಬೇಕಾದವರು ಇವರಲ್ಲಿ ಒಬ್ಬರಿಗೆ ವರ್ತನೆ, ಅಂದರೆ ದಿನವೂ ತಪ್ಪದೆ ತಂದುಕೊಡುವ ಏರ್ಪಾಡು, ಹೇಳಿಬಿಡುವುದು ಎಲ್ಲಕ್ಕಿಂತ ಒಳ್ಳೆಯದು. ತಿಂಗಳಿಗೆ ಇಷ್ಟೆಂದು ಮಾತಾಡಿಕೊಂಡರೆ ಬಿಡಿ ಹೂವು, ತುಳಸಿ, ಗರಿಕೆ, ವಾರಕ್ಕೊಂದು ಮಾಲೆ ಬಾಗಿಲ ಹಿಡಿಗೆ ಬಂದು ತೂಗುತ್ತವೆ. ವರ್ತನೆಯ ಮನೆಯವರಿಗೆ ಇನ್ನೊಂದು ಲಾಭವುಂಟು, ಅದು ಚೌತಿಯ ಮತ್ತು ದಸರೆಯ ಮುನ್ನಾದಿನ ತಿಳಿಯುತ್ತದೆ: ಬೇಡಿಕೆ ಹೆಚ್ಚಿ ಹೂವು ಸಾಲದಾದಾಗ, ವರ್ಷವಿಡೀ ತೆಗೆದುಕೊಂಡವರ ಪಾಲನ್ನು ಬುಟ್ಟಿಯ ತಳದಲ್ಲಿ ಮೊದಲೇ ತೆಗೆದಿಟ್ಟಿರುತ್ತಾರೆ.

ಕೊರತೆಗಳೂ ಇವೆ. ಬರುವ ಹೂವಿನ ಬಹುಪಾಲು ಘಟ್ಟದ ಮೇಲಿನದು. ಬೆಳಗಾವಿಯಿಂದ ಅನಮೋಡ ಘಾಟಿನಲ್ಲಿ ಇಳಿಯುವ ಹೆದ್ದಾರಿ ಮೊಲ್ಲೆಮ್ ದಾಟಿ ಫೋಂಡಾಕ್ಕೆ ಬರುತ್ತದೆ. ಮಳೆಗಾಲದಲ್ಲಿ ಆ ದಾರಿ ಕೆಟ್ಟರೆ ಬುಟ್ಟಿಯೂ ಬರಿದು. "ಅಕ್ಕಾರ, ಇವತ್ತ ಗಾಡಿ ಬಂದಿಲ್ರಿ, ಇದ್ದದ್ದರಾಗ ಹೊಂದಿಸಿ ಕೊಡ್ತೀನಿ" ಎಂದು ನಮ್ಮ ಹೂವಿನ ಅಕ್ಕ ಜುಲೈ ತಿಂಗಳಲ್ಲಿ ಎರಡು ಸಲವಾದರೂ ಹೇಳುತ್ತಾಳೆ. ಆದರೆ ಬೆಳಿಗ್ಗೆ ಆರಕ್ಕೇ ಹೇಳುತ್ತಾಳೆ, ಆದ್ದರಿಂದ ಅಂಗಳದ ದಾಸವಾಳವನ್ನು ಕೊಯ್ದು ಪೂಜೆ ಮಾಡಲು ನಮಗೆ ಸಮಯವಿರುತ್ತದೆ. ಇನ್ನೊಂದು, ಮೊಳದ ಲೆಕ್ಕ. ಮೊಳ ಅಳೆಯುವ ಕೈಯ ಮೇಲೆ ನಿಂತಿದೆ; ಅದಕ್ಕಿಂತ ಹೆಚ್ಚಾಗಿ ಹೂವನ್ನು ಎಷ್ಟು ಒತ್ತಾಗಿ ಕಟ್ಟಿದ್ದಾರೆಂಬುದರ ಮೇಲೆ ನಿಂತಿದೆ. ಬಿಡಿಬಿಡಿಯಾಗಿ ಕಟ್ಟಿದ ಎರಡು ಮೊಳ, ಒತ್ತಾಗಿ ಕಟ್ಟಿದ ಒಂದು ಮೊಳಕ್ಕಿಂತ ಹಗುರವಾಗಿರಬಹುದು. ಅಗ್ಗವೆಂದು ಕಂಡ ಕಡೆ ದಾರವನ್ನು ಎತ್ತಿ ಹಿಡಿದು ನೋಡಿರಿ, ನಡುನಡುವೆ ದಾರ ಕಂಡರೆ ನೀವು ಹಣ ಕೊಡುತ್ತಿರುವುದು ದಾರಕ್ಕೆ. ಚೆಂಡುಹೂವನ್ನು ತೂಕದ ಮೇಲೆ ಕೊಳ್ಳುವಾಗಲೂ ಅಷ್ಟೇ. ನೀರು ಚಿಮುಕಿಸಿದ ಹೂವು ನೀರಿನ ಭಾರವನ್ನೂ ತೂಗುತ್ತದೆ.

ಮಲ್ಲಿಗೆಯ ವಿಷಯದಲ್ಲಿ ಉಡುಪಿ ಕಡೆಯವರು ಸುಲಭವಾಗಿ ಒಪ್ಪುವುದಿಲ್ಲ. ಮೈಸೂರು ಮಲ್ಲಿಗೆ, ಉಡುಪಿ ಮಲ್ಲಿಗೆ, ಹಡಗಲಿ ಮಲ್ಲಿಗೆ ಮೂರಕ್ಕೂ ಭೌಗೋಳಿಕ ಗುರುತಿನ ಮಾನ್ಯತೆಯಿದೆ. ಶಂಕರಪುರದ ಮಲ್ಲಿಗೆಯನ್ನು ಬಾಳೆನಾರಿನಲ್ಲಿ ಕಟ್ಟಿ, ನಾಲ್ಕು ಚೆಂಡಿಗೆ ಒಂದು ಅಟ್ಟೆಯೆಂದು ಮಾರುವ ಪದ್ಧತಿಗೆ ಒಗ್ಗಿದವರಿಗೆ ಇಲ್ಲಿನ ಮೊಳದ ಮಾತು ರುಚಿಸದು. ಅಂಥವರಿಗೆ ನನ್ನ ಸಲಹೆ, ಶ್ರಾವಣದಲ್ಲಿ ಇಲ್ಲಿಯದೇ ಆದ ಜಾಜಿಯನ್ನು ಒಮ್ಮೆ ತರಿಸಿ ನೋಡಿ. ಮ್ಹಾರ್ದೋಳದ ಸುತ್ತಮುತ್ತ ಬೆಳೆಯುವ ಈ ಜಾಯೊ ಹೂವಿನ ಪೂಜೆಯೇ ಆಗಸ್ಟಿನಲ್ಲಿ ಮ್ಹಾಳಸೆಗೆ ನಡೆಯುತ್ತದೆ. ಹೂವು ಬಿಡಿಸಿದ ಕಡೆಯಿಂದ ನಿಮ್ಮ ಮನೆಗೆ ಅರ್ಧ ಗಂಟೆಯ ದಾರಿಯೂ ಇಲ್ಲ. ಘಟ್ಟ ಇಳಿದು ಬಂದ ಯಾವ ಮಲ್ಲಿಗೆಯೂ ಈ ತಾಜಾತನವನ್ನು ಕೊಡಲಾರದು. ಪೂಜೆಯ ದಿನ ಮಾತ್ರ ಕೇಳಲು ಹೋಗಬೇಡಿ, ಅಂದು ಹೂವೆಲ್ಲ ದೇವಿಯದು.

ಊರಿನ ಬೊಕೆ ಅಂಗಡಿ

ಹುಟ್ಟುಹಬ್ಬ, ಬೀಳ್ಕೊಡುಗೆ, ಆಸ್ಪತ್ರೆಯಿಂದ ಮನೆಗೆ ಬಂದವರ ಭೇಟಿ, ಇಂಥವಕ್ಕೆ ಮೊಳದ ಹೂವು ಹೊಂದುವುದಿಲ್ಲ, ಬೊಕೆ ಅಂಗಡಿಯೇ ಬೇಕು. ಇಂಥ ಅಂಗಡಿಯನ್ನು ಅಳೆಯುವಾಗ ಎದುರಿಗೆ ತೂಗುಹಾಕಿದ ಅಲಂಕಾರವನ್ನು ಬಿಟ್ಟು ಹಿಂದಿನ ಬಕೆಟ್ಟುಗಳನ್ನು ನೋಡಬೇಕು. ನೀರು ತಿಳಿಯಾಗಿದೆಯೇ, ದಂಟಿನ ತುದಿ ಲೋಳೆಯಾಗಿದೆಯೇ, ಹೂವನ್ನು ತಂಪುಪೆಟ್ಟಿಗೆಯಲ್ಲಿ ಇಟ್ಟಿದ್ದಾರೆಯೇ ಅಥವಾ ಬೀದಿಯ ಬಿಸಿಲಿಗೆ ಮುಖಮಾಡಿದ್ದಾರೆಯೇ? ಜರ್ಬೆರಾದ ದಂಟು ಟೊಳ್ಳು. ಕೊಳೆತ ನೀರಿನ ಸೂಕ್ಷ್ಮಜೀವಿಗಳು ಅದರ ನೀರಿನ ದಾರಿಯನ್ನು ಕಟ್ಟಿದೊಡನೆ ಹೂವು ಕತ್ತು ಬಾಗಿಸುತ್ತದೆ. ಬಾಗಿದ ಕತ್ತನ್ನು ತಂತಿ ಸುತ್ತಿ ನಿಲ್ಲಿಸಿರುವುದನ್ನು ಬೊಕೆಯೊಳಗೆ ಕಂಡರೆ ಆ ಅಂಗಡಿಗೆ ಮತ್ತೆ ಹೋಗಬೇಕಾಗಿಲ್ಲ. ಗುಲಾಬಿಯ ಹೊರಗಿನ ಬಾಡಿದ ಎಸಳುಗಳನ್ನು ಕಿತ್ತು ಹೊಸದರಂತೆ ಕಾಣಿಸುವುದು ಎಲ್ಲೆಡೆಯೂ ಇರುವ ಪದ್ಧತಿ. ಮೊಗ್ಗಿನ ಬುಡವನ್ನು ಎರಡು ಬೆರಳಿನಲ್ಲಿ ಮೆಲ್ಲಗೆ ಒತ್ತಿದರೆ ಗಟ್ಟಿಯಾಗಿರುವುದು ತಾಜಾ, ಮೆತ್ತಗಿರುವುದು ಹಳತು.

ದೂರದಿಂದ ಹೇಳುವವರು ಬೆರಳಿನಲ್ಲಿ ಒತ್ತಿ ನೋಡಲಾರರು, ನಿಜ. ಅವರು ಅಂಗಡಿಗೆ ನೇರವಾಗಿ ಫೋನು ಮಾಡಿ "ಇವತ್ತು ನಿಮ್ಮಲ್ಲಿ ಯಾವ ಹೂವು ಹೊಸದಾಗಿ ಬಂದಿದೆ?" ಎಂದು ಕೇಳಬೇಕು. "ಎಲ್ಲವೂ ಇದೆ" ಎಂಬ ಉತ್ತರ ಒಳ್ಳೆಯ ಲಕ್ಷಣವಲ್ಲ. ಫೋಂಡಾದಂಥ ಊರಿನಲ್ಲಿ ಎಲ್ಲವೂ ಒಂದೇ ದಿನ ತಾಜಾ ಇರಲು ಸಾಧ್ಯವಿಲ್ಲ. "ಗುಲಾಬಿ ನಿನ್ನೆಯದು, ಕಾರ್ನೇಶನ್ ಈಗ ಇಳಿದಿದೆ" ಎಂದು ಬಿಡಿಸಿ ಹೇಳುವವರಿಗೆ ಧೈರ್ಯವಾಗಿ ಹಣ ಕಳುಹಿಸಬಹುದು. ಕಟ್ಟಿದ ಮೇಲೆ, ಹೊರಡುವ ಮೊದಲು, ಒಂದು ಫೋಟೋ ಕೇಳಿರಿ. ಯುಪಿಐನಲ್ಲಿ ಅರ್ಧ ಮುಂಗಡ, ಉಳಿದರ್ಧ ಫೋಟೋ ನೋಡಿದ ಮೇಲೆ ಎಂಬ ಮಾತಿಗೆ ಹೆಚ್ಚಿನವರು ಒಪ್ಪುತ್ತಾರೆ.

ತಲುಪಿಸುವ ಬಗೆಯಲ್ಲಿ ಗೋವೆಗೆ ಅದರದೇ ಒಂದು ಅನುಕೂಲವಿದೆ. ಅಂಗಡಿಯಲ್ಲಿ ಹುಡುಗರಿಲ್ಲದಿದ್ದರೆ ಪೈಲಟ್ ಮೂಲಕ ಕಳುಹಿಸಲು ಹೇಳಬಹುದು. ಹೊರಗಿನವರಿಗೆ ವಿಮಾನ ನೆನಪಾದೀತು. ಇಲ್ಲಿ ಪೈಲಟ್ ಎಂದರೆ ಹಳದಿ ಬಣ್ಣ ಬಳಿದ ಬೈಕಿನಲ್ಲಿ ಬಾಡಿಗೆಗೆ ಜನರನ್ನು ಕರೆದೊಯ್ಯುವವನು. ನಿಲ್ದಾಣದ ಬಳಿ ಇಪ್ಪತ್ತು ವರ್ಷ ನಿಂತ ಪೈಲಟ್‌ಗೆ ತಿಳಿಯದ ಮನೆತನವಿಲ್ಲ. ಬೊಕೆ ಹಿಡಿದುಕೊಳ್ಳಲು ಕೈ ಬೇಕಾದ್ದರಿಂದ ರಟ್ಟಿನ ಪೆಟ್ಟಿಗೆಯಲ್ಲಿ ನಿಲ್ಲಿಸಿ ಕಟ್ಟುವಂತೆ ಹೇಳಬೇಕು, ಇಲ್ಲದಿದ್ದರೆ ಗಾಳಿಗೆ ಎಸಳು ಸುಲಿದುಹೋಗುತ್ತವೆ.

ಹಣ ಕಡಿಮೆಯಿದ್ದವರಿಗೆ ಒಂದು ಮಾತು. 500 ರೂಪಾಯಿಯೊಳಗೆ ಮುಗಿಸಬೇಕಾದರೆ ನಾಲ್ಕು ಬಗೆಯ ಹೂವು ಬೆರೆಸಿದ ಬೊಕೆಯನ್ನು ಕೇಳಬೇಡಿ. ಅದರಲ್ಲಿ ಹೂವಿಗಿಂತ ಎಲೆ, ರಿಬ್ಬನ್ನು, ಹೊಳೆಯುವ ಕಾಗದಗಳೇ ಹೆಚ್ಚಾಗಿ ಜಾಗ ತುಂಬುತ್ತವೆ. ಗುಲಾಬಿ ಸಗಟು ಮಾರುಕಟ್ಟೆಯಿಂದ 20 ದಂಟಿನ ಕಟ್ಟಾಗಿಯೂ ಜರ್ಬೆರಾ 10 ದಂಟಿನ ಕಟ್ಟಾಗಿಯೂ ಸಾಮಾನ್ಯವಾಗಿ ಬರುತ್ತವೆ. ಆ ಕಟ್ಟನ್ನೇ ಬಿಚ್ಚದೆ, ಅಲಂಕಾರವಿಲ್ಲದೆ, ದಂಟಿಗೆ ಒದ್ದೆ ಹತ್ತಿ ಸುತ್ತಿ ಕೊಡಲು ಹೇಳಿರಿ. ನೋಡಲು ಸರಳ, ಆದರೆ ಹೂಜಿಯಲ್ಲಿ ಇಟ್ಟಾಗ ಕಣ್ಣು ತುಂಬುತ್ತದೆ.

ಪಣಜಿ, ಮಡಗಾಂವಿನ ದೊಡ್ಡ ಅಂಗಡಿಗಳು

ಇವುಗಳಲ್ಲಿ ಲಿಲ್ಲಿ, ಆರ್ಕಿಡ್, ಆಂಥೂರಿಯಂಗಳು ವರ್ಷವಿಡೀ ಸಿಗುತ್ತವೆ, ಕಟ್ಟುವ ಕೈಯೂ ನುರಿತದ್ದು. ಹೋಟೆಲ್‌ಗಳಿಗೂ ಮದುವೆಗಳಿಗೂ ಹೂವು ಒದಗಿಸುವುದರಿಂದ ಸರಕು ಬೇಗ ಖರ್ಚಾಗಿ ಹೊಸದು ಬರುತ್ತಿರುತ್ತದೆ. ಆದರೆ ಒಂದು ಬೊಕೆಗಾಗಿ ಫೋಂಡಾದವರೆಗೆ ಗಾಡಿ ಕಳುಹಿಸುವ ಖರ್ಚನ್ನು ನೀವೇ ಹೊರಬೇಕು. 1500 ರೂಪಾಯಿಗಿಂತ ಕೆಳಗಿನ ಬೊಕೆಗೆ ಇದು ಸರಿಹೊಂದುವುದಿಲ್ಲವೆಂದೇ ನನ್ನ ಅಭಿಪ್ರಾಯ. ಮದುವೆಯ ಮಂಟಪ, ಉಪನಯನ, ಅಂಗಡಿಯ ಉದ್ಘಾಟನೆಯಂಥ ದೊಡ್ಡ ಕೆಲಸಕ್ಕೆ ಖರ್ಚು ಹಂಚಿಹೋಗುವುದರಿಂದ ಕೇಳಲೇಬೇಕಾದ ಆಯ್ಕೆ ಇದು. ಮಾಲೆ, ತೋರಣಗಳನ್ನು ಹೂವಿನ ಅಕ್ಕಂದಿರಿಗೂ ವೇದಿಕೆಯ ಅಲಂಕಾರವನ್ನು ಇವರಿಗೂ ಹಂಚಿಕೊಟ್ಟರೆ ಇಬ್ಬರೂ ತಮ್ಮ ಕೈ ಪಳಗಿದ ಕೆಲಸವನ್ನೇ ಮಾಡುತ್ತಾರೆ.

ಜಾಲತಾಣದ ಮೂಲಕ ಹೇಳುವುದು

ಒಂದೂರಿನಲ್ಲಿ ಹಣ ಕಟ್ಟಿ ಇನ್ನೊಂದೂರಿನಲ್ಲಿ ಹೂವು ತಲುಪಿಸುವ ಕ್ರಮ ಅಂತರ್ಜಾಲಕ್ಕಿಂತ ಬಹಳ ಹಳೆಯದು. 1910ರಲ್ಲಿಯೇ ಅಮೆರಿಕದ ಕೆಲವು ಹೂವಿನ ವ್ಯಾಪಾರಿಗಳು ಕೂಡಿಕೊಂಡು, ದೂರದ ಊರಿನ ಆರ್ಡರನ್ನು ತಂತಿಯ ಮೂಲಕ ಆ ಊರಿನ ಅಂಗಡಿಗೆ ದಾಟಿಸುವ ಏರ್ಪಾಡು ಮಾಡಿಕೊಂಡಿದ್ದರು. ಇಂದಿನ ಹಲವು ಜಾಲತಾಣಗಳು ಮಾಡುವುದೂ ಅದನ್ನೇ: ಹಣ ಪಡೆದು, ತಮ್ಮ ಪಾಲನ್ನು ಹಿಡಿದುಕೊಂಡು, ಉಳಿದದ್ದರಲ್ಲಿ ಕಟ್ಟಿಕೊಡಲು ಸ್ಥಳೀಯ ಅಂಗಡಿಗೆ ಹೇಳುತ್ತವೆ. ಆದ್ದರಿಂದ ಅದೇ 1000 ರೂಪಾಯಿಗೆ ನೇರವಾಗಿ ಕೇಳಿದಾಗ ಸಿಗುವಷ್ಟು ಹೂವು ಈ ದಾರಿಯಲ್ಲಿ ಸಿಗುವುದಿಲ್ಲ. ಇದರಲ್ಲಿ ಮೋಸವೇನೂ ಇಲ್ಲ. ಅನುಕೂಲಕ್ಕೆ ಕೊಡುವ ಬೆಲೆ ಅದು. ಆ ಅನುಕೂಲ ನಿಮಗೆ ನಿಜವಾಗಿ ದೊರೆಯುತ್ತದೆಯೇ ಎಂಬುದನ್ನಷ್ಟೇ ನೋಡಬೇಕು.

ಕೆಲವು ವರ್ಷಗಳ ಹಿಂದೆ ನಾನು ಊರಿನಲ್ಲಿರಲಿಲ್ಲ. ಧವಳಿಯಲ್ಲಿದ್ದ ನನ್ನ ಚಿಕ್ಕಪ್ಪನ ಅರವತ್ತರ ಶಾಂತಿಗೆ ಬಿಳಿ ಲಿಲ್ಲಿಯ ಹೂಗುಚ್ಛವನ್ನು ಒಂದು ಜಾಲತಾಣದಲ್ಲಿ ಹೇಳಿದ್ದೆ. ಬೆಳಿಗ್ಗೆ ಹತ್ತರೊಳಗೆ ತಲುಪಬೇಕಾಗಿದ್ದ ಹೂವು ಮುಟ್ಟಿದ್ದು ದೀಪ ಹಚ್ಚಿದ ಮೇಲೆ. ತಂದ ಹುಡುಗ ತಿಸ್ಕ್ ವೃತ್ತದಲ್ಲಿ ನಿಂತು ಮೂರು ಸಲ ಫೋನು ಮಾಡಿದ್ದನಂತೆ. ಹೋಮದ ಮುಂದೆ ಕುಳಿತ ಚಿಕ್ಕಮ್ಮ ಗುರುತಿಲ್ಲದ ನಂಬರನ್ನು ಎತ್ತಲಿಲ್ಲ. ಲಿಲ್ಲಿಯ ಜಾಗದಲ್ಲಿ ಕೆಂಪು ಜರ್ಬೆರಾ ಬಂದಿತ್ತು. ದೂರು ಕೊಟ್ಟಾಗ "ಲಭ್ಯವಿಲ್ಲದಿದ್ದರೆ ಸಮಾನ ಮೌಲ್ಯದ ಹೂವು" ಎಂಬ ಷರತ್ತನ್ನು ತೋರಿಸಿದರು. ಷರತ್ತು ಅಲ್ಲಿತ್ತು, ಓದದೆ ಹೋದದ್ದು ನನ್ನ ತಪ್ಪು. ಆದರೆ ಹತ್ತು ಗಂಟೆಗೆ ಬರಬೇಕಾದದ್ದು ಬಾರದೆ ಇದ್ದಾಗ ಮಾತಾಡಿಸಲು ಒಬ್ಬ ಮನುಷ್ಯನೂ ಇರಲಿಲ್ಲವೆಂಬುದೇ ಹೆಚ್ಚು ನೋವಿನ ವಿಷಯ.

ಹಾಗಾದರೆ ಇದು ಯಾರಿಗೆ ಸರಿ? ವಿದೇಶದಲ್ಲಿದ್ದು ಇಲ್ಲಿನ ಅಂಗಡಿಗೆ ಹಣ ಕಳುಹಿಸಲು ದಾರಿಯಿಲ್ಲದವರಿಗೆ, ಭಾಷೆಯ ತೊಡಕಿರುವವರಿಗೆ, ಹೂವಿನ ಜೊತೆ ಕೇಕು ಅಥವಾ ಗಿಡದ ಕುಂಡವನ್ನೂ ಸೇರಿಸಬೇಕೆನ್ನುವವರಿಗೆ ಸರಿ. ಹೇಳುವ ಮೊದಲು ಪಿನ್‌ಕೋಡನ್ನು ಹಾಕಿ ನೋಡಬೇಕು. ಅದೇ ದಿನ ತಲುಪಿಸುತ್ತೇವೆಂದು ತೋರಿಸಿದರೆ ಸಾಮಾನ್ಯವಾಗಿ ಹತ್ತಿರದಲ್ಲಿ ಅವರ ಕಡೆಯ ಅಂಗಡಿಯಿದೆ ಎಂದರ್ಥ. ಎರಡು ಮೂರು ದಿನವೆಂದರೆ ಅದು ಕೊರಿಯರ್ ಪೆಟ್ಟಿಗೆ. ಕುಂಡದ ಗಿಡ ಬರಬಹುದು, ಕತ್ತರಿಸಿದ ಹೂವನ್ನು ಆ ದಾರಿಯಲ್ಲಿ ತರಿಸುವುದು ಬೇಡ. ಹೂವು ಬದಲಾಗುವುದಿದ್ದರೆ ಮೊದಲು ಕೇಳಬೇಕೆಂದು ಟಿಪ್ಪಣಿಯಲ್ಲಿ ಬರೆಯಿರಿ. ಸಂಪರ್ಕದ ನಂಬರಿನ ಜಾಗದಲ್ಲಿ ಹೂವು ಪಡೆಯುವವರದ್ದನ್ನು ಕೊಡುವುದಕ್ಕಿಂತ, ಆ ಹೊತ್ತಿಗೆ ಬಿಡುವಾಗಿರುವ ನೆರೆಯವರದ್ದನ್ನು ಕೊಡುವುದು ಒಳ್ಳೆಯದು.

ಬಸ್ಸಿನಲ್ಲಿ ಬರುವ ಹೂವು

ಇದನ್ನು ಪಟ್ಟಿಯಲ್ಲಿ ಸೇರಿಸಲು ಕೆಲವರು ನಗಬಹುದು, ಆದರೆ ನಮ್ಮವರ ಮದುವೆ, ಗೃಹಪ್ರವೇಶಗಳಲ್ಲಿ ಇಂದಿಗೂ ಹೂವು ಹೀಗೇ ಬರುತ್ತದೆ. ಬೆಳಗಾವಿಯಲ್ಲೋ ಹುಬ್ಬಳ್ಳಿಯಲ್ಲೋ ಇರುವ ಬಂಧುಗಳು ಸಗಟು ಮಾರುಕಟ್ಟೆಯಲ್ಲಿ ಕೊಂಡು, ಬುಟ್ಟಿ ಕಟ್ಟಿ, ಗೋವೆಯ ಕಡೆ ಹೊರಟ ಬಸ್ಸಿಗೆ ಹಾಕುತ್ತಾರೆ. ನಾವು ನಿಲ್ದಾಣದಲ್ಲಿ ಕಾದು ಇಳಿಸಿಕೊಳ್ಳುತ್ತೇವೆ. ನಮ್ಮ ಸಾರಿಗೆಯ ಬಸ್ಸಾಗಲಿ, ಕದಂಬರ ಹೆಸರು ಹೊತ್ತ ಗೋವೆಯ ಬಸ್ಸಾಗಲಿ, ಕನ್ನಡದ ಹೂವು ಕನ್ನಡದ ಹೆಸರಿನ ಗಾಡಿಯಲ್ಲಿ ಬರುವುದನ್ನು ನೋಡಲು ನನಗಂತೂ ಸಂತೋಷ. ಸಗಟು ಬೆಲೆಯ ಉಳಿತಾಯವೂ ಇದೆ, ಆದರೆ ಅದು ಹೂವು ಕಿಲೋಗಟ್ಟಲೆ ಬೇಕಾದಾಗ ಮಾತ್ರ ಲೆಕ್ಕಕ್ಕೆ ಬರುತ್ತದೆ.

ಸೇವಂತಿಗೆ, ಚೆಂಡುಹೂವು, ಕಟ್ಟದ ಸುಗಂಧರಾಜ ಈ ಪ್ರಯಾಣವನ್ನು ತಾಳುತ್ತವೆ. ಬಿದಿರಿನ ಬುಟ್ಟಿಯಲ್ಲಿ ಬಾಳೆಯೆಲೆ ಹಾಸಿ ತುಂಬಿದರೆ ಗಾಳಿಯಾಡುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಹೂವು ತನ್ನದೇ ಬೆವರಿನಲ್ಲಿ ಬೆಂದು, ಘಟ್ಟ ಇಳಿಯುವುದರೊಳಗೆ ಕಪ್ಪಾಗುತ್ತದೆ. ಮಲ್ಲಿಗೆಯನ್ನು ಕಳುಹಿಸುವುದಾದರೆ ಮೊಗ್ಗಾಗಿಯೇ, ಒದ್ದೆ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ ಕಳುಹಿಸಬೇಕು. ಗುಲಾಬಿ ಮಾತ್ರ ಬೇಡವೇ ಬೇಡ. ಬುಟ್ಟಿಯ ಪಕ್ಕದಲ್ಲಿ ಬಾಳೆಹಣ್ಣಿನ ಗೊನೆಯನ್ನಿಟ್ಟು ಕಳುಹಿಸುವ ಅಭ್ಯಾಸವೂ ಒಳ್ಳೆಯದಲ್ಲ. ಮಾಗುತ್ತಿರುವ ಹಣ್ಣು ಬಿಡುವ ಎಥಿಲೀನ್ ಅನಿಲಕ್ಕೆ ಹಲವು ಹೂವುಗಳು ಬೇಗ ಬಾಡುತ್ತವೆ, ಕಾರ್ನೇಶನ್ ಅಂತೂ ಎಸಳು ಮುದುಡಿ ಮಲಗಿಬಿಡುತ್ತದೆ.

ಅಪಾಯವೆಂದರೆ ಬಸ್ಸು ತಡವಾದರೆ ಕೇಳುವವರಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಮುಹೂರ್ತವೊಂದನ್ನು ಬರೇ ಬಸ್ಸಿನ ಮೇಲೆ ನಿಲ್ಲಿಸುವುದನ್ನು ನಾನು ಬಿಟ್ಟಿದ್ದೇನೆ. ಆ ದಿನಗಳಲ್ಲಿ ಅಲಂಕಾರದ ಹೂವು ಬಸ್ಸಿನಲ್ಲಿ ಬರಲಿ, ವಧೂವರರ ಮಾಲೆ ಮಾತ್ರ ಊರಿನಲ್ಲಿಯೇ ಕಟ್ಟಿಸಿರಿ.

ಹಾಗಾದರೆ ಆ ಮೂವರು ಏನು ಮಾಡಬೇಕು

ಕುರ್ಟಿಯ ದಂಪತಿಗೆ ವರ್ತನೆ ಹೇಳಲು ತಿಳಿಸಿದೆ. ಎರಡು ವಾರ ದಿನವಹಿ ಕೊಂಡು ನೋಡಿ, ಹೂವು ಒಪ್ಪಿಗೆಯಾದ ಮೇಲೆ ತಿಂಗಳ ಮಾತು ಆಡುವುದು ಇಬ್ಬರಿಗೂ ಕ್ಷೇಮ. ಏಕಾದಶಿ, ಸಂಕಷ್ಟಿ, ಶುಕ್ರವಾರಗಳಲ್ಲಿ ಹೆಚ್ಚು ಬೇಕಾಗುವುದನ್ನು ಮೊದಲೇ ಹೇಳಿಬಿಡಬೇಕು, ಊರಿಗೆ ಹೋಗುವ ದಿನಗಳನ್ನು ಹಿಂದಿನ ಸಂಜೆಯೇ ತಿಳಿಸಬೇಕು. ಬಾಗಿಲಿಗೆ ಬೀಗ ಕಂಡು ಹೂವನ್ನು ಮರಳಿ ಒಯ್ಯುವುದು ಅವರಿಗೆ ನಷ್ಟ. ಅದು ಅವರಿಗೆ ಮಾರಲಾಗದ ಹೂವು.

ಫರ್ಮಾಗುಡಿಯ ಗೆಳತಿಗೆ ಊರಿನ ಬೊಕೆ ಅಂಗಡಿಯಿಂದ ಕಾರ್ನೇಶನ್ ಕಟ್ಟಿಸಲು ಹೇಳಿದೆ. ಸಮಾರಂಭ ಮಧ್ಯಾಹ್ನವಿದ್ದರೂ ಹೂವನ್ನು ಬೆಳಿಗ್ಗೆಯೇ ತರಿಸಿ, ನೀರು ತುಂಬಿದ ಬಕೆಟ್ಟಿನಲ್ಲಿ ನೆರಳಿಗಿಟ್ಟರೆ ಮೂರರ ಅರೆನಿದ್ದೆಯ ಅಂಗಡಿಯನ್ನು ಎಬ್ಬಿಸುವ ಕಷ್ಟ ತಪ್ಪುತ್ತದೆ. ಸಹೋದ್ಯೋಗಿಗಳು ಹಣ ಕೂಡಿಸಿ 1500 ರೂಪಾಯಿ ದಾಟುವುದಾದರೆ, ಮತ್ತು ಆ ದಿನ ಯಾರಾದರೂ ಪಣಜಿಯಿಂದ ಬರುವವರಿದ್ದರೆ, ಅಲ್ಲಿಂದ ಆರ್ಕಿಡ್ ತರಿಸುವುದು ಇನ್ನೂ ಚೆನ್ನ. ಸಾಗಣೆಯ ಹಣವೂ ಹೂವಿಗೇ ಸೇರುತ್ತದೆ.

ಹುಬ್ಬಳ್ಳಿಯವರ ವಿಷಯದಲ್ಲಿ ಸ್ವಲ್ಪ ಹೊತ್ತು ಯೋಚಿಸಿದೆ. ಅವರ ತಾಯಿಗೆ ಎಪ್ಪತ್ತೆರಡು, ಒಬ್ಬರೇ ಇರುತ್ತಾರೆ, ಗುರುತಿಲ್ಲದವರಿಗೆ ಬಾಗಿಲು ತೆರೆಯುವುದಿಲ್ಲ. ತಾಯಿಗೆ ಬೊಕೆಯೆಂದರೆ ಅಷ್ಟಕ್ಕಷ್ಟೇ, ಮಲ್ಲಿಗೆಯೆಂದರೆ ಪ್ರಾಣ ಎಂದು ಮಾತಿನ ನಡುವೆ ಅವರೇ ಹೇಳಿದರು. ಹಾಗಿದ್ದರೆ ಹೂಗುಚ್ಛದ ಯೋಚನೆಯನ್ನೇ ಬಿಟ್ಟು, ತಾಯಿ ದಿನವೂ ಹೂವು ಕೊಳ್ಳುವ ಅಕ್ಕನ ನಂಬರನ್ನು ಪಕ್ಕದ ಮನೆಯವರಿಂದ ತರಿಸಿಕೊಳ್ಳಲು ಹೇಳಿದೆ. ಅವರು ಫೋನು ಮಾಡಿ, ಆ ದಿನ ಸಂಜೆ ಐದಕ್ಕೆ ನಾಲ್ಕು ಮೊಳ ಮಲ್ಲಿಗೆ, ನಡುವೆ ಅಬ್ಬಲಿಗೆ ಸೇರಿಸಿ ಒತ್ತಾಗಿ ಕಟ್ಟಿ ಕೊಡಬೇಕೆಂದು ಹೇಳಿ ಹಣ ಕಳುಹಿಸಿದ್ದಾರೆ. ಐದು ಗಂಟೆಯೆಂದು ಹೇಳಿದ್ದು ಯಾಕೆಂದರೆ ಮೊಗ್ಗು ಬಿರಿಯಲು ತೊಡಗುವುದು ಆಮೇಲೆ.